ಸ್ಟಾಲಿನ್ ನಮೂದು ಮತ್ತು ಮೇಷ್ಟ್ರ ಆಕ್ಷೇಪಗಳು

ವಿಶ್ವಕೋಶಕ್ಕೆ ಜೋಸೆಫ್ ಸ್ಟಾಲಿನನ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಾಗ, ಹುಟ್ಟಿದ ದಿನವನ್ನು ಬರೆಯುವುದಕ್ಕೇ ಮೂರು ಸಂಜೆ ಬೇಕಾಗುತ್ತದೆಂದು ನಾನು ಎಣಿಸಿರಲಿಲ್ಲ. ಕರಡನ್ನು ಓದಿದವರು ನನಗೆ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದ ಮೇಷ್ಟ್ರು. ಯೌವನದಲ್ಲಿ ಸೋವಿಯತ್ ಪುಸ್ತಕಗಳನ್ನು ಬಹಳ ಪ್ರೀತಿಯಿಂದ ಓದಿದವರು, ಆಮೇಲೆ ಅಷ್ಟೇ ನೋವಿನಿಂದ ಅವುಗಳಿಂದ ದೂರವಾದವರು. ಈ ನಮೂದನ್ನು ಅವರಿಗಿಂತ ನಿಷ್ಠುರವಾಗಿ ಓದಬಲ್ಲವರು ನನಗೆ ಬೇರೆ ಯಾರೂ ಗೊತ್ತಿಲ್ಲ.

ಸೋವಿಯತ್ ಒಕ್ಕೂಟವು ದಶಕಗಳ ಕಾಲ ಹೇಳುತ್ತ ಬಂದ ಜನ್ಮದಿನ 1879ರ ಡಿಸೆಂಬರ್ 21. 1929ರಲ್ಲಿ ಐವತ್ತನೆಯ ಹುಟ್ಟುಹಬ್ಬವನ್ನೂ, 1949ರಲ್ಲಿ ಮಾವೋ ಅವರ ಸಮ್ಮುಖದಲ್ಲಿ ಎಪ್ಪತ್ತನೆಯದನ್ನೂ ಈ ಲೆಕ್ಕದಲ್ಲಿಯೇ ಆಚರಿಸಲಾಯಿತು. ಆದರೆ ಜಾರ್ಜಿಯಾದ ಗೋರಿ ಪಟ್ಟಣದ ಚರ್ಚಿನ ದಾಖಲೆ ಪುಸ್ತಕದಲ್ಲಿ ಇರುವುದು 1878ರ ಡಿಸೆಂಬರ್ 6. ಅದು ಜೂಲಿಯನ್ ಪಂಚಾಂಗದ ದಿನ. ಈಗಿನ ಲೆಕ್ಕಕ್ಕೆ ಡಿಸೆಂಬರ್ 18. ಮೇಷ್ಟ್ರು ಇದನ್ನು ಸುಲಭವಾಗಿ ಒಪ್ಪಲಿಲ್ಲ. "ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಜನರ ಜನ್ಮದಿನ ಜೂನ್ ಒಂದು. ಶಾಲೆಗೆ ಸೇರಿಸುವಾಗ ಯಾರೋ ಬರೆದದ್ದು. ಒಂದು ದಾಖಲೆ ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ನಿಜವೆಂದು ಹೇಗೆ ನಂಬುತ್ತೀಯಪ್ಪ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿ ಚರ್ಚಿನ ದಾಖಲೆ ಒಂಟಿಯಲ್ಲ. 1894ರಲ್ಲಿ ಗೋರಿಯ ಧಾರ್ಮಿಕ ಶಾಲೆ ಕೊಟ್ಟ ಪ್ರಮಾಣಪತ್ರವೂ ಅದೇ ದಿನವನ್ನು ಹೇಳುತ್ತದೆ. ನಮ್ಮಲ್ಲಿ ಶಾಲೆಯ ದಾಖಲೆ ತಪ್ಪಾಗಿದ್ದು ಅಜ್ಜಿಯ ನೆನಪು ಸರಿಯಾಗಿರುತ್ತದೆ; ಅಲ್ಲಿ ಮಗುವಿನ ಕಾಲದ ಎರಡು ದಾಖಲೆಗಳು ಒಂದನ್ನು ಹೇಳಿದರೆ, ಅಧಿಕಾರಕ್ಕೆ ಬಂದ ಗಂಡಸು ಇನ್ನೊಂದನ್ನು ಹೇಳಿದ್ದಾನೆ. ಆದ್ದರಿಂದ 1878ನ್ನು ಮುಖ್ಯ ಸಾಲಿನಲ್ಲಿಟ್ಟು, 1879 ಎಲ್ಲಿಂದ ಬಂತೆಂಬುದನ್ನು ಅದರ ಕೆಳಗೆ ವಿವರಿಸಿದೆ. ಅವನು ಏಕೆ ಬದಲಾಯಿಸಿದನೆಂಬುದಕ್ಕೆ ಹಲವರು ಊಹೆಗಳನ್ನು ಮುಂದಿಟ್ಟಿದ್ದಾರೆ. ಒಂದನ್ನೂ ನಾನು ಸೇರಿಸಲಿಲ್ಲ.

ಸರ್ವಾಧಿಕಾರಿಯ ಜೀವನಚರಿತ್ರೆಗೆ ಆಕರಗಳನ್ನು ಹುಡುಕುವುದು ಬೇರೆಯವರ ಚರಿತ್ರೆಗೆ ಹುಡುಕಿದಂತಲ್ಲ, ಏಕೆಂದರೆ ಆ ಚರಿತ್ರೆಯ ಮೊದಲ ಸಂಪಾದಕ ಅವನೇ ಆಗಿರುತ್ತಾನೆ. 1947ರ ಅಧಿಕೃತ ಕಿರುಚರಿತ್ರೆಯ ಹಸ್ತಪ್ರತಿಯನ್ನು ಸ್ಟಾಲಿನ್ ತಾನೇ ತಿದ್ದಿದ್ದನು. ತನ್ನ ಕೆಲಸದಲ್ಲಿ ಒಣಹೆಮ್ಮೆಯಾಗಲಿ ಆತ್ಮಪ್ರಶಂಸೆಯಾಗಲಿ ಲವಲೇಶವೂ ನುಸುಳದಂತೆ ಸ್ಟಾಲಿನ್ ನೋಡಿಕೊಂಡನೆಂಬ ಅರ್ಥದ ವಾಕ್ಯವನ್ನು ಸೇರಿಸಿದ ಕೈ ಸ್ಟಾಲಿನನದೇ ಎಂದು ಅವನ ನಂತರ ಸೋವಿಯತ್ ನಾಯಕನಾದ ಕ್ರುಶ್ಚೇವ್ 1956ರ ಫೆಬ್ರುವರಿ 25ರ ರಹಸ್ಯ ಭಾಷಣದಲ್ಲಿ ಬಯಲು ಮಾಡಿದನು. ವಿಶ್ವಕೋಶವೂ ಈ ರೋಗದಿಂದ ಹೊರಗಿರಲಿಲ್ಲ. ಸ್ಟಾಲಿನನ ರಹಸ್ಯ ಪೊಲೀಸರ ಮುಖ್ಯಸ್ಥನಾಗಿದ್ದ ಬೆರಿಯಾ ಪತನವಾದ ಮೇಲೆ ಮಹಾ ಸೋವಿಯತ್ ವಿಶ್ವಕೋಶದ ಐದನೆಯ ಸಂಪುಟದ ಚಂದಾದಾರರಿಗೆ ಬೇರಿಂಗ್ ಜಲಸಂಧಿ ಮೊದಲಾದವುಗಳ ಬಗೆಗಿನ ಹೊಸ ಹಾಳೆಗಳು ಅಂಚೆಯಲ್ಲಿ ಬಂದವು. ಬೆರಿಯಾನ ಚಿತ್ರವಿದ್ದ ಪುಟಗಳನ್ನು ಕತ್ತರಿಸಿ ತೆಗೆದು ಇವನ್ನು ಅಂಟಿಸಿಕೊಳ್ಳಬೇಕೆಂಬ ಸೂಚನೆಯೂ ಜೊತೆಗಿತ್ತು. ಮನೆಮನೆಯಲ್ಲಿ ಓದುಗರೇ ಕತ್ತರಿ ಹಿಡಿದು ಕುಳಿತ ಆ ದೃಶ್ಯ, ಒಂದು ವಾಕ್ಯವನ್ನು ಅಳಿಸುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತದೆ.

ಸುಳ್ಳು ಸ್ಟಾಲಿನನ ಪರವಾಗಿಯೇ ಇರಬೇಕೆಂದೂ ಇಲ್ಲ. "ಒಬ್ಬನ ಸಾವು ದುರಂತ, ಲಕ್ಷಾಂತರ ಜನರ ಸಾವು ಅಂಕಿಅಂಶ" ಎಂಬ ಮಾತನ್ನು ಸ್ಟಾಲಿನ್ ಹೇಳಿದನೆಂದು ನಾವೆಲ್ಲರೂ ಕೇಳಿದ್ದೇವೆ. ನನ್ನ ಮೊದಲ ಕರಡಿನಲ್ಲಿಯೂ ಅದು ಇತ್ತು. ಅವನು ಹಾಗೆ ಹೇಳಿದ್ದಕ್ಕೆ ನಂಬಬಹುದಾದ ಆಕರವೇ ಇಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ಜರ್ಮನ್ ಲೇಖಕ ಕುರ್ಟ್ ಟುಖೋಲ್ಸ್ಕಿ 1925ರಲ್ಲಿಯೇ ಒಬ್ಬ ಫ್ರೆಂಚ್ ರಾಜತಾಂತ್ರಿಕನ ಬಾಯಲ್ಲಿ ಹೇಳಿಸಿದ್ದರು. "ಮನುಷ್ಯನಿಲ್ಲದಿದ್ದರೆ ಸಮಸ್ಯೆಯೂ ಇಲ್ಲ" ಎಂಬ ಇನ್ನೊಂದು ಮಾತು ಅನಾತೊಲಿ ರಿಬಕೋವ್ ಅವರ 1987ರ ಕಾದಂಬರಿಯಲ್ಲಿ ಸ್ಟಾಲಿನ್ ಪಾತ್ರ ಆಡುವ ಮಾತು. ಎರಡನ್ನೂ ತೆಗೆದುಹಾಕಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತರಗತಿಯಲ್ಲಿ ನಾನೇ ನಿಮಗೆ ಇದನ್ನು ಹೇಳಿದ್ದೆನಲ್ಲ" ಎಂದರು.

ನಿಜವಾದ ವಾದ ನಡೆದದ್ದು ಸತ್ತವರ ಸಂಖ್ಯೆಯ ಬಗ್ಗೆ. ಮೇಷ್ಟ್ರಿಗೆ "ಎರಡು ಕೋಟಿ" ಎಂಬ ಒಂದೇ ಅಂಕಿ ಬೇಕಾಗಿತ್ತು. ಬ್ರಿಟಿಷ್ ಇತಿಹಾಸಕಾರ ರಾಬರ್ಟ್ ಕಾಂಕ್ವೆಸ್ಟ್ 1968ರಲ್ಲಿ ಆ ಅಂದಾಜು ಮಾಡಿದಾಗ ಸೋವಿಯತ್ ಪತ್ರಾಗಾರಗಳು ಮುಚ್ಚಿದ್ದವು. ಪಾರಾಗಿ ಬಂದವರ ನೆನಪು ಮತ್ತು ಜನಸಂಖ್ಯೆಯ ಲೆಕ್ಕಾಚಾರಗಳಿಂದ ಅವರು ಆ ಸಂಖ್ಯೆಯನ್ನು ತಲುಪಿದ್ದರು. ಆ ಕಾಲಕ್ಕೆ ಅದು ಧೈರ್ಯದ ಕೆಲಸ. ಆದರೆ ಪತ್ರಾಗಾರಗಳು ತೆರೆದ ಮೇಲೆ, 1953ರ ಡಿಸೆಂಬರಿನಲ್ಲಿ ಒಳಾಡಳಿತ ಸಚಿವಾಲಯವು ಒಳಬಳಕೆಗೆಂದು ಸಿದ್ಧಪಡಿಸಿದ್ದ ಪಟ್ಟಿಯೂ ಹೊರಬಂತು. ರಾಜಕೀಯ ಆರೋಪಗಳ ಮೇಲೆ ಮರಣದಂಡನೆಗೆ ಗುರಿಯಾದವರು 1937ರಲ್ಲಿ 3,53,074, 1938ರಲ್ಲಿ 3,28,618. ಎರಡೇ ವರ್ಷಗಳಲ್ಲಿ 6,81,692 ಮಂದಿ. ಈ ಅಂಕಿಯನ್ನು ಹಿಡಿದುಕೊಂಡು, ಸತ್ತವರು ಇಷ್ಟೇ ಎಂದು ಸ್ಟಾಲಿನನನ್ನು ಸಮರ್ಥಿಸುವವರೂ ಇದ್ದಾರೆ. ಅವರು ಹೇಳದೆ ಬಿಡುವುದು ಇದನ್ನು: ಆ ಪಟ್ಟಿಯಲ್ಲಿ ಚಿತ್ರಹಿಂಸೆಯಲ್ಲಿ ಸತ್ತವರಿಲ್ಲ, ಕೈದಿಗಳನ್ನು ದುಡಿಸುತ್ತಿದ್ದ ಶಿಬಿರಗಳಲ್ಲಿ ದಾಖಲಾದ ಸುಮಾರು 16 ಲಕ್ಷ ಸಾವುಗಳಿಲ್ಲ, ಸಾಯುವ ಹಂತದಲ್ಲಿ ಬಿಡುಗಡೆಗೊಂಡು ಲೆಕ್ಕದಿಂದಲೇ ಜಾರಿದ ಕೈದಿಗಳಿಲ್ಲ, 1930ರ ದಶಕದ ಆರಂಭದ ಕ್ಷಾಮದಲ್ಲಿ ಉಕ್ರೇನ್, ಕಜಾಕಸ್ತಾನ ಮತ್ತು ವೋಲ್ಗಾ ತೀರದಲ್ಲಿ ಹಸಿವಿನಿಂದ ಸತ್ತವರಿಲ್ಲ. ಕ್ಷಾಮದ ಸಾವುಗಳ ಅಂದಾಜೇ ಸಾಮಾನ್ಯವಾಗಿ 55 ಲಕ್ಷದಿಂದ 87 ಲಕ್ಷದವರೆಗೆ ಇದೆ. ಅವುಗಳಲ್ಲಿ ಎಷ್ಟನ್ನು ಉದ್ದೇಶಪೂರ್ವಕ ಕೊಲೆಯೆಂದು ಕರೆಯಬೇಕೆಂಬ ವಿಷಯದಲ್ಲಿ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಹೀಗಾಗಿ ನಾನು ಒಂದೇ ಮೊತ್ತವನ್ನು ಕೊಡಲಿಲ್ಲ. ಯಾರನ್ನು ಎಣಿಸಿದ್ದು, ಯಾರು ಎಣಿಸಿದ್ದು, ಯಾವಾಗ ಎಣಿಸಿದ್ದು ಎಂಬ ಮೂರೂ ಮಾತುಗಳನ್ನು ಪ್ರತಿ ಅಂಕಿಯ ಜೊತೆಯಲ್ಲಿಯೇ, ಅಡಿಟಿಪ್ಪಣಿಗೆ ತಳ್ಳದೆ, ವಾಕ್ಯದೊಳಗೇ ಇಟ್ಟೆ. ಮೇಷ್ಟ್ರಿಗೆ ಇದು ಸ್ಟಾಲಿನನಿಗೆ ವಿನಾಯಿತಿ ಕೊಟ್ಟಂತೆ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ಉತ್ಪ್ರೇಕ್ಷೆ ಮಾಡಿದ ಅಂಕಿಯನ್ನು ಯಾರಾದರೂ ಸುಳ್ಳೆಂದು ತೋರಿಸಿದ ದಿನ, ಅದರ ಜೊತೆಗೆ ನಿಜವಾಗಿ ಸತ್ತವರನ್ನೂ ಅನುಮಾನಿಸುವುದಕ್ಕೆ ದಾರಿಯಾಗುತ್ತದೆ. ಆ ದಾರಿಯನ್ನು ನನ್ನ ಕೈಯಿಂದ ತೆರೆಯಲು ನಾನು ಸಿದ್ಧನಿಲ್ಲ.

ಇದೇ ಕಾರಣಕ್ಕೆ 1937ರ ಜನಗಣತಿಯ ಕುರಿತು ಒಂದು ಇಡೀ ಪ್ಯಾರಾ ಸೇರಿಸಿದೆ. 1933ರ ಕೊನೆಗೆ ದೇಶದ ಜನಸಂಖ್ಯೆ 16.8 ಕೋಟಿ ಎಂದು ಸ್ಟಾಲಿನ್ ಪಕ್ಷದ ಅಧಿವೇಶನದಲ್ಲಿ ಘೋಷಿಸಿದ್ದನು. ಮೂರು ವರ್ಷಗಳ ನಂತರ ನಡೆದ ಗಣತಿಯಲ್ಲಿ ಸಿಕ್ಕವರು ಸುಮಾರು 16.2 ಕೋಟಿ. ಗಣತಿಯನ್ನು ರದ್ದುಗೊಳಿಸಿ ಫಲಿತಾಂಶವನ್ನು ಮುಚ್ಚಿಡಲಾಯಿತು, ಅಧಿಕಾರಿಗಳನ್ನು ಬಂಧಿಸಲಾಯಿತು. ಗಣತಿಯ ಹೊಣೆ ಹೊತ್ತಿದ್ದ ಒಲಿಂಪಿ ಕ್ವಿಟ್ಕಿನ್ ಅದೇ ವರ್ಷ ಗುಂಡಿಗೆ ಬಲಿಯಾದರು.

ಕೊನೆಗೆ ಉಳಿದದ್ದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಎದುರಾಗದ ಒಂದು ತೊಡಕು. ಕನ್ನಡದಲ್ಲಿ ಕ್ರಿಯಾಪದ ಬರೆದ ಕೂಡಲೇ ಮರ್ಯಾದೆಯೂ ತೀರ್ಮಾನವಾಗಿಬಿಡುತ್ತದೆ. ಸ್ಟಾಲಿನ್ "ಹುಟ್ಟಿದನು" ಎಂದು ಬರೆದು ಲೆನಿನ್ "ತೀರಿಕೊಂಡರು" ಎಂದು ಬರೆದರೆ, ಆಕರವೇ ಇಲ್ಲದ ಒಂದು ತೀರ್ಪನ್ನು ವ್ಯಾಕರಣದ ಮೂಲಕ ಕೊಟ್ಟಂತಾಗುತ್ತದೆ. ಇದನ್ನು ನನ್ನ ಕರಡಿನಲ್ಲಿ ಗುರುತಿಸಿದವರು ಮೇಷ್ಟ್ರೇ. ಅಶೋಕನನ್ನೂ ನೆಪೋಲಿಯನನನ್ನೂ ನಾವು ಏಕವಚನದಲ್ಲಿಯೇ ಬರೆಯುತ್ತೇವೆ, ಅದರಲ್ಲಿ ಅವಮಾನವಿಲ್ಲ. ಹಾಗಾಗಿ ಲೆನಿನ್, ಟ್ರಾಟ್‌ಸ್ಕಿ, ಸ್ಟಾಲಿನ್, ಬೆರಿಯಾ ಎಲ್ಲರಿಗೂ ಏಕವಚನವೇ ಇರಲೆಂದು ಇಬ್ಬರೂ ಒಪ್ಪಿದೆವು. ಆದರೆ ಕ್ವಿಟ್ಕಿನ್ ಇದ್ದ ಸಾಲಿಗೆ ಬಂದಾಗ ಮೇಷ್ಟ್ರು ಪೆನ್ಸಿಲನ್ನು ಕೆಳಗಿಟ್ಟು, "ಇವರಿಗೆ ಬಹುವಚನವೇ ಇರಲಪ್ಪ" ಎಂದರು. ನಿಯಮದ ಪ್ರಕಾರ ಅದು ತಪ್ಪೆಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾಡಿದ್ದು ಕರಡನ್ನು ಸಂಪಾದಕರಿಗೆ ಕಳಿಸಬೇಕು. ಆ ಒಂದು ಕ್ರಿಯಾಪದವನ್ನು ನಾನು ಇನ್ನೂ ತಿದ್ದಿಲ್ಲ.