ಕೋಟದವರನ್ನು ರಾಜಸ್ಥಾನಕ್ಕೆ ಕಳಿಸಿದ್ದು

ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಯಕ್ಷಗಾನದ ವಿಡಿಯೊ ಹಾಕುವ ಒಂದು ಪೇಜ್‌ನವರು ಮಂಗಳೂರಿನ ನಮ್ಮ ಆಫೀಸಿಗೆ ಬಂದರು. ಫಾಲೋವರ್ಸ್ ಯಾವ ಯಾವ ಜಿಲ್ಲೆಯಲ್ಲಿದ್ದಾರೆ ಅಂತ ಮ್ಯಾಪ್ ಮಾಡಿ ಕೊಡಬೇಕಿತ್ತು. ಪ್ರೊಫೈಲಿನಲ್ಲಿ ಅವರೇ ಊರು ಬರೆದಿರುತ್ತಾರೆ, ಊರುಗಳ ಪಟ್ಟಿಯಲ್ಲಿ ಹುಡುಕಿದರೆ ಆಯ್ತಲ್ಲ ಅಂದುಕೊಂಡೆ. ಒಂದೇ ಹೆಸರಿನ ಎರಡು ಊರು ಸಿಕ್ಕಿದರೆ, ಜನ ಜಾಸ್ತಿ ಇರುವ ಊರನ್ನು ಆರಿಸುವ ಹಾಗೆ ಪ್ರೋಗ್ರಾಂ ಬರೆದೆ.

ಮ್ಯಾಪ್ ತೆರೆದರೆ ರಾಜಸ್ಥಾನದ ಮೇಲೆ ದೊಡ್ಡದೊಂದು ಕೆಂಪು ಚುಕ್ಕೆ!

ಪಕ್ಕದ ಸೀಟಿನವರು ಕುಂದಾಪುರ ಕಡೆಯವರು. ಬಗ್ಗಿ ನೋಡಿ, "ಎಂತ ಮಾರಾಯಾ, ನಮ್ಮ ಕೋಟದವರನ್ನೆಲ್ಲ ರೈಲು ಹತ್ತಿಸಿದ್ಯಾ?" ಅಂದರು. ಶಿವರಾಮ ಕಾರಂತರು ಹುಟ್ಟಿದ ಕೋಟಕ್ಕೂ ಕೋಚಿಂಗ್ ಸೆಂಟರುಗಳ ಕೋಟಾಕ್ಕೂ ಇಂಗ್ಲಿಷಿನಲ್ಲಿ ಅದೇ ನಾಲ್ಕು ಅಕ್ಷರ. ಕನ್ನಡದಲ್ಲಿ ಬರೆದರೆ ಒಂದು ದೀರ್ಘದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ನನ್ನ ಪಟ್ಟಿ ಬರೀ ಇಂಗ್ಲಿಷಿನದು. ಕನ್ನಡ ಲಿಪಿ ಕಂಡರೆ ಅದು ಸುಮ್ನೆ ಪಕ್ಕಕ್ಕೆ ಹಾಕುತ್ತಿತ್ತು. ಸರಿಯಾಗಿ ಬರೆದವರನ್ನೇ ಬಿಟ್ಟುಬಿಟ್ಟಿದ್ದೆ, ಅಲ್ವಾ!

ಆಮೇಲೆ ಪಕ್ಕಕ್ಕೆ ಹಾಕಿದ್ದನ್ನೆಲ್ಲ ಕೂತು ಓದಿದೆ. ಕುಡ್ಲ, ಕೊಡಿಯಾಲ್, ಮೈಕಾಲ ಸಿಕ್ಕವು. ತುಳು, ಕೊಂಕಣಿ, ಬ್ಯಾರಿ ಮಾತಾಡುವವರ ಬಾಯಲ್ಲಿ ಮೂರೂ ಮಂಗಳೂರೇ. ಒಡಿಪು ಅಂದರೆ ಉಡುಪಿ. ಹಳಬರೊಬ್ಬರು ದಕ್ಷಿಣ ಕನ್ನಡದ ಹಳೇ ಹೆಸರು 'ಸೌತ್ ಕೆನರಾ' ಅಂತ ಬರೆದಿದ್ದರು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಗಿದೆ, ಅವರನ್ನು ಯಾವ ಕಡೆ ಹಾಕುವುದು? 'ಅಮ್ಮನ ಅಡುಗೆಮನೆ' ಅಂತಲೂ ಒಬ್ಬರು ಬರೆದಿದ್ದರು. ಅವರನ್ನು ಬಿಟ್ಟೆ.

ಅಡ್ಡ ಹೆಸರುಗಳಿಗೆ ಬೇರೆ ಪಟ್ಟಿ ಮಾಡಿದೆ. ಕೋಟದಂಥ ಊರಿಗೆ ಗೆಳೆಯರ ಊರು ನೋಡಿದೆ: ಹೆಚ್ಚಿನವರು ಬ್ರಹ್ಮಾವರ, ಕುಂದಾಪುರದವರಾದರೆ ಇವರೂ ಈ ಕಡೆಯವರೇ. ಪುತ್ತೂರು ಮಾತ್ರ ಬಗ್ಗಲಿಲ್ಲ. ದಕ್ಷಿಣ ಕನ್ನಡದಲ್ಲಿ ತಾಲೂಕೇ ಇದೆ, ಉಡುಪಿ ಪೇಟೆಯ ಹತ್ತಿರ ಇನ್ನೊಂದು, ಆಂಧ್ರದಲ್ಲಿ ಮತ್ತೊಂದು. ಆಂಧ್ರದ್ದನ್ನು ಬೇರೆ ಮಾಡುವುದು ಸುಲಭ. ಇಲ್ಲಿನ ಎರಡೂ ಕಡೆಯವರಿಗೆ ಗೆಳೆಯರು ಎರಡೂ ಜಿಲ್ಲೆಯಲ್ಲಿದ್ದರು. ಅಂಥವರನ್ನು 'ಕರಾವಳಿ' ಅಂತಷ್ಟೇ ಬರೆದೆ. ಮ್ಯಾನೇಜರಿಗೆ ಅದು ಇಷ್ಟವಾಗಲಿಲ್ಲ, ನನಗೆ ಈಗಲೂ ಅದೇ ಸರಿ ಅನಿಸುತ್ತದೆ.

ದುಬೈಯಲ್ಲಿರುವವರದ್ದು ಇನ್ನೊಂದು ತಲೆನೋವು. ಬರೆಯುವುದು ಕುಡ್ಲ, ಗೆಳೆಯರೂ ಕುಡ್ಲದವರು, ಇರುವುದು ಮಾತ್ರ ಅಲ್ಲಿ. ಪೋಸ್ಟ್ ಹಾಕುವ ಹೊತ್ತು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಆದರೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರ ಹೊತ್ತನ್ನು ನಂಬುವುದು ಹೇಗೆ?

ಎರಡನೇ ಮ್ಯಾಪಿನಲ್ಲಿ ರಾಜಸ್ಥಾನ ಪೂರ್ತಿ ಖಾಲಿ. ಖುಷಿಯಲ್ಲಿ ಪಕ್ಕದವರಿಗೆ ತೋರಿಸಿದೆ. ಅವರು ಪಟ್ಟಿ ಓದುತ್ತಾ ಒಂದು ಕಡೆ ನಿಂತರು. "ಈ ಹುಡುಗ ಕೋಚಿಂಗಿಗೆ ಹೋದವ ಮಾರಾಯಾ, ಹಾಸ್ಟೆಲಿನ ಫೋಟೊ ಹಾಕಿದ್ದಾನೆ ನೋಡು. ಇವನು ನಿಜವಾಗಿ ಕೋಟಾದಲ್ಲೇ ಇದ್ದಾನೆ."