ಕಥೆ ಬಿಡ್ರಿ, ಮೈಕ್ ನೋಡ್ರಿ

1930ರ ದಶಕದ ಹಾಲಿವುಡ್ ರೇಡಿಯೊ ಗಾಯಕರ ನಗೆಚಿತ್ರಗಳ ಕಥೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತದೆ. ಹುಡುಗ ಹಾಡ್ತಾನ, ಹುಡುಗಿ ಸಿಟ್ಟಾಗ್ತಾಳ, ಪ್ರಸಾರದ ಹೊತ್ತಿಗೆ ಹುಡುಗ ನಾಪತ್ತೆ. ಅದನ್ನೇ ನಂಬಿ ಕೂತರೆ ಅರ್ಧ ತಾಸಿಗೆ ಆಕಳಿಕೆ. ಸೊಗಸೆಲ್ಲ ಇರುವುದು ಮೈಕಿನ ಸುತ್ತ.

ಗದಗಿನ ಗರುಡ ಸದಾಶಿವರಾಯರ ಕಂಪನಿ ನಾಟಕಗಳ ಕಾಲದಲ್ಲಿ ಹಾಡುವವರ ದನಿ ಕಡೇ ಸಾಲಿಗೂ ಮುಟ್ಟಬೇಕಿತ್ತು. ಅಮೆರಿಕದ ರಂಗಮಂಚದಲ್ಲೂ ಹಂಗ. ಮೈಕ್ ಬಂದು ಆ ಗರಜೇ ಹೋಯಿತು. ಅಮೆರಿಕದ ರೇಡಿಯೊ ಗಾಯಕ ಬಿಂಗ್ ಕ್ರಾಸ್ಬಿ ಮೆಲುದನಿಯಲ್ಲಿ ಹಾಡಿದರೆ ಮನೆಯಲ್ಲಿ ಕೇಳುವಾಕೆಗೆ ತನ್ನೊಬ್ಬಳಿಗೇ ಹಾಡಿದಂತೆ. ಈ ಚಿತ್ರಗಳಲ್ಲಿ ಹೀಗೆ ಊರೆಲ್ಲರಿಗೂ ಆಪ್ತನಾದವ ಎದುರಿಗಿರುವ ಒಬ್ಬಳ ಮುಂದೆ ತೊದಲುತ್ತಾನೆ. ನಗು ಹುಟ್ಟುವುದು ಅಲ್ಲಿ.

ಆಗಿನ ಸ್ಟುಡಿಯೊಗಳ ರಿಬ್ಬನ್ ಮೈಕಿನಲ್ಲಿ ಅಯಸ್ಕಾಂತದ ಎರಡು ಧ್ರುವಗಳ ನಡುವೆ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ ತೂಗುತ್ತದೆ. ಮುಂದೆ, ಹಿಂದೆ ಎರಡೂ ಕಡೆ ಕೇಳುತ್ತದೆ, ಪಕ್ಕಗಳು ಕಿವುಡು. ಒಂದೇ ಮೈಕಿನ ಆಚೀಚೆ ಇಬ್ಬರು ಮುಖಾಮುಖಿ ನಿಂತು ಹಾಡುವುದು ಇದಕ್ಕೇ. ಪ್ರೇಮದೃಶ್ಯಕ್ಕೂ ಅನುಕೂಲ ಅನ್ನಿ. ಹತ್ತಿರ ಬಂದಷ್ಟೂ ಮಂದ್ರ ತುಂಬಿಕೊಂಡು ದನಿ ಮೆತ್ತಗಾಗುತ್ತದೆ. ಆದರೆ ‘ಪ’, ‘ಬ’ಗಳ ಉಸಿರು ನೇರ ಬಡಿದರೆ ಧಬ್ ಎನ್ನುತ್ತದೆ, ಜೋರಾಗಿ ಊದಿದರೆ ಪಟ್ಟಿಯೇ ಹಿಗ್ಗುತ್ತದೆ. ಹಾಗಾಗಿ ತುಸು ಓರೆಯಾಗಿ ನಿಲ್ಲಬೇಕು.

ಚಿತ್ರದಲ್ಲಿ ಮಾತ್ರ ನಾಯಕ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೂ ದನಿ ಹತ್ತಿರದ್ದೇ ಇರುತ್ತದೆ. ಹಾಡನ್ನು ಎಷ್ಟೋ ಸಲ ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ಅದನ್ನು ಹಾಕಿ ತುಟಿ ಆಡಿಸಿರುತ್ತಾರೆ. ನಾಯಕ ಸರಿದಾಡಿದರೂ ಕೋಣೆಯ ಮಾರ್ದನಿ ಬದಲಾಗದಿದ್ದರೆ ಅದೇ ಗುರುತು.

ಮೊದಲು 1932ರ ‘ದಿ ಬಿಗ್ ಬ್ರಾಡ್‌ಕಾಸ್ಟ್’ ನೋಡಿ. ಕ್ರಾಸ್ಬಿ, ಬಾಸ್ವೆಲ್ ಸಿಸ್ಟರ್ಸ್, ಮಿಲ್ಸ್ ಬ್ರದರ್ಸ್, ಕ್ಯಾಬ್ ಕ್ಯಾಲೊವೇ, ಹೀಗೆ ಆಗಿನ ಹೆಸರಾಂತ ಗಾಯಕರು ಒಂದೇ ಕಡೆ ಸಿಗುತ್ತಾರೆ. ಆಮೇಲೆ 1934ರ ‘ಟ್ವೆಂಟಿ ಮಿಲಿಯನ್ ಸ್ವೀಟ್‌ಹಾರ್ಟ್ಸ್’: ಗಾಯಕ ಪ್ರೀತಿಯಲ್ಲಿ ಬಿದ್ದರೆ ಅಭಿಮಾನಿ ಹೆಂಗಸರು ಮುನಿದಾರು ಎಂದು ಪ್ರಾಯೋಜಕರಿಗೆ ದಿಗಿಲು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಸರಕಾರದ್ದು. ಅದನ್ನು ಕೇಳಿದ ಕಿವಿಗೆ ಈ ಪ್ರಾಯೋಜಕನ ಪಾತ್ರ ಹೊಸದು. ಅಮೆರಿಕದ ರೇಡಿಯೊ ನಡೆದದ್ದೇ ಜಾಹೀರಾತಿನ ರೊಕ್ಕದಲ್ಲಿ, ಹಾಡಿನ ಯಜಮಾನ ಅವನೇ.

ನನ್ನ ಮೆಚ್ಚಿನದು 1937ರ ‘ವೇಕ್ ಅಪ್ ಅಂಡ್ ಲಿವ್’. ಮೈಕ್ ಕಂಡರೆ ಗಂಟಲು ಕಟ್ಟುವವನೊಬ್ಬ, ಮೈಕ್ ಬಂದ್ ಆಗಿದೆ ಎಂದುಕೊಂಡು ಹಾಡುತ್ತಾನೆ. ಅದು ಪ್ರಸಾರವಾಗಿ ಊರೆಲ್ಲ ಗುಲ್ಲು, ಈ ಗಾಯಕ ಯಾರೆಂದು. ತೆರೆಯ ಮೇಲೆ ಜ್ಯಾಕ್ ಹೇಲಿ, ಕಂಠ ಬಡ್ಡಿ ಕ್ಲಾರ್ಕ್‌ದು. ದನಿ ಯಾರದೆಂದು ಹುಡುಕುವ ಚಿತ್ರದಲ್ಲೇ ಎರವಲು ದನಿ!

ನೋಡುವಾಗ ಟಿವಿಯ ಚಿತ್ರದಳತೆ 4:3 ಇರಲಿ. 16:9ಕ್ಕೆ ಎಳೆದರೆ ಮುಖಗಳು ಹೋಳಿಗೆಯಂತಾಗುತ್ತವೆ. ಟಿವಿಯ ಸರೌಂಡ್ (ಸುತ್ತ ಹರಡುವ ದನಿ), ಬಾಸ್ ಬೂಸ್ಟ್ (ಮಂದ್ರ ಏರಿಸುವುದು) ಎರಡನ್ನೂ ಬಂದ್ ಮಾಡಿ, ಮೊದಲೇ ಮಂದ್ರ ತುಂಬಿದ ದನಿ ಗುಂಯ್‌ಗುಡುತ್ತದೆ. ಟ್ರೆಬಲ್, ಅಂದರೆ ತಾರದ ದನಿ, ಏರಿಸಿದರೂ ಲಾಭವಿಲ್ಲ. ಆ ಕಾಲದ ಫಿಲ್ಮಿನ ಧ್ವನಿಪಟ್ಟಿಯಲ್ಲಿ 8 ಕಿಲೋಹರ್ಟ್ಸ್‌ನಿಂದಾಚೆ ಹೆಚ್ಚೇನೂ ಉಳಿದಿರುವುದಿಲ್ಲ, ಏರುವುದು ಬರೀ ಸುಸ್ಸೆನ್ನುವ ಗದ್ದಲ. ಆ ಗದ್ದಲವನ್ನು ಪೂರಾ ಒರೆಸಿದ ಪ್ರತಿಗಳಲ್ಲಿ ‘ಸ’, ‘ಶ’ಗಳೂ ಒರೆಸಿಹೋಗಿರುತ್ತವೆ. ಎರಡರಲ್ಲಿ ಸುಸ್ಸೆನ್ನುವ ಪ್ರತಿಯೇ ವಾಸಿ.