ದುರ್ಗದಲ್ಲಿ ಕೂತು ಬರೋಕ್ ಪಾಪ್ ಮಾಡೋಕಾಗುತ್ತಾ?

ಚಿತ್ರದುರ್ಗದ ಹಾಡುಗಾರ ಹುಡುಗರು ಪದೇ ಪದೇ ಕೇಳುವುದು ಇದನ್ನೇ: 'ಕೋಟೆಯ ಕಾದಂಬರಿ ಓದಿ ಬರೋಕ್ ಪಾಪ್ ಆಲ್ಬಂ ಮಾಡ್ಬೇಕು ಅಂತಿದೀವಿ ಸಾರ್, ಆರ್ಕೆಸ್ಟ್ರಾ ಎಲ್ಲಿಂದ ತರೋದು?'

ತರಬೇಡಿ. ಪಾಪ್ ಹಾಡಿಗೆ ತಂತಿವಾದ್ಯ, ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ಜೋಡಿಸುವ ಈ ಶೈಲಿ 1960ರ ದಶಕದ್ದು. ಇಂಗ್ಲೆಂಡಿನ ಬೀಟಲ್ಸ್ ತಂಡದ 1966ರ ಹಾಡು 'ಎಲಿನರ್ ರಿಗ್ಬಿ'ಯಲ್ಲಿ ಗಾಯಕರ ಹಿಂದೆ ಇರುವುದು 4 ಪಿಟೀಲು, 2 ವಿಯೋಲ (ಪಿಟೀಲಿಗಿಂತ ತುಸು ದೊಡ್ಡದು), 2 ಚೆಲ್ಲೊ (ಕೂತು ನುಡಿಸುವ, ತಗ್ಗು ದನಿಯ ದೊಡ್ಡ ವಾದ್ಯ). ಡ್ರಮ್ಸೂ ಇಲ್ಲ, ಗಿಟಾರೂ ಇಲ್ಲ.

ನಿಮಗೆ ಒಬ್ಬ ಒಳ್ಳೆ ಪಿಟೀಲುವಾದಕ ಸಾಕು. ಮೂರು ಬೇರೆ ಸಾಲು ನುಡಿಸಿ ಒಂದರ ಮೇಲೊಂದು ರೆಕಾರ್ಡ್ ಮಾಡಿ. ಪ್ರತಿ ಸಲ ಕುರ್ಚಿಯನ್ನು ಎರಡು ಮೂರು ಅಡಿ ಸರಿಸಿ. ಇಲ್ಲದಿದ್ದರೆ ಮೂವರು ಕೂತಂತೆ ಕೇಳಿಸುವುದಿಲ್ಲ. ಕರ್ನಾಟಕ ಸಂಗೀತ ಕಲಿತವರ ಕೈ ತಾನಾಗಿ ಗಮಕಕ್ಕೆ, ಅಂದರೆ ಸ್ವರವನ್ನು ಓಲಾಡಿಸುವುದಕ್ಕೆ, ಹೋಗುತ್ತದೆ. ಮೂರೂ ಸಾಲು ಓಲಾಡಿದರೆ ಶ್ರುತಿ ಕಲಸಿಹೋಗುತ್ತದೆ. ಗಮಕ ಮೇಲಿನ ಸಾಲಿಗಿರಲಿ, ಉಳಿದೆರಡಕ್ಕೆ ನೇರ ಸ್ವರ. ಚೆಲ್ಲೊ ಕೀಬೋರ್ಡಿನಲ್ಲೇ ನಡೆಯುತ್ತದೆ.

ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ, ಪಿಯಾನೊದಂತೆ ಬಡಿಯುವುದಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೀಬೋರ್ಡಿನಲ್ಲಿ ಟಚ್ (ಒತ್ತಿದ ಬಿರುಸಿಗೆ ತಕ್ಕಂತೆ ಸದ್ದು ಬದಲಿಸುವ ಸೆಟ್ಟಿಂಗ್) ಆಫ್ ಮಾಡಿ, ಸ್ವರವನ್ನು ಎಳೆದು ನಿಲ್ಲಿಸುವ ಸಸ್ಟೇನ್ ಪೆಡಲ್ ಮುಟ್ಟಬೇಡಿ. ಸದ್ದು ಏರಬೇಕೆಂದರೆ ಸ್ವರಗಳ ಸಂಖ್ಯೆ ಹೆಚ್ಚಿಸಿ: ಚರಣದಲ್ಲಿ ತಾಳದ ಪೆಟ್ಟಿಗೆ ಎರಡಿದ್ದರೆ ಪಲ್ಲವಿಯಲ್ಲಿ ನಾಲ್ಕು. ಆ ದನಿಯೇ ಕೀಬೋರ್ಡಿನಲ್ಲಿ ಇಲ್ಲವೇ? ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ 1965ರಲ್ಲಿ ಪಿಯಾನೊವನ್ನು ಅರ್ಧ ವೇಗದಲ್ಲಿ ರೆಕಾರ್ಡ್ ಮಾಡಿ ದುಪ್ಪಟ್ಟು ವೇಗದಲ್ಲಿ ಓಡಿಸಿದ್ದರು; ಅದು ಹಾರ್ಪ್ಸಿಕಾರ್ಡಿನಂತೆ ಕೇಳಿಸಿತು. ಒಂದು ಸ್ಥಾಯಿ ಕೆಳಗೆ ನುಡಿಸಿ ನೀವೂ ಮಾಡಬಹುದು. ವೇಗದ ಜೊತೆ ಸ್ವರವೂ ಏರಬೇಕು; ಸಾಫ್ಟ್‌ವೇರ್ ಸ್ವರವನ್ನು ಹಿಡಿದಿಟ್ಟರೆ ಪಿಯಾನೊ ಪಿಯಾನೊ ಆಗಿಯೇ ಉಳಿಯುತ್ತದೆ.

ಕಾದಂಬರಿಯ ಹಕ್ಕು ಬೇರೆ ವಿಷಯ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಅಂದರೆ ಅವರ ಕಾದಂಬರಿ 'ದುರ್ಗಾಸ್ತಮಾನ'ದ ಸಾಲುಗಳನ್ನು ಹಾಡಾಗಿಸಲು 2044 ಮುಗಿಯುವವರೆಗೂ ಹಕ್ಕುದಾರರ ಅನುಮತಿ ಬೇಕು, ಬರಹದಲ್ಲೇ. ಮದಕರಿ ನಾಯಕ, 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಇವೆಲ್ಲ ಇತಿಹಾಸ. ನಿಮ್ಮದೇ ಮಾತಲ್ಲಿ ಬರೆದುಕೊಳ್ಳಿ.

ಆಲ್ಬಂ ನಿಜಕ್ಕೂ ಕೆಡುವುದು ಆ ಮಾತಿನಲ್ಲೇ. ಇಂಗ್ಲಿಷ್ ಹಾಡಿನಲ್ಲಿ 'ದಿ', 'ಅಂಡ್' ಥರದ ಪುಟ್ಟ ಪದಗಳು ತಾಳದ ಪೆಟ್ಟಿಗೆ ಮೊದಲೇ ಜಾರಿಕೊಳ್ಳುತ್ತವೆ. ಕನ್ನಡದ ಪದ ಮೊದಲ ಅಕ್ಷರದಲ್ಲೇ ಕಾಲೂರುತ್ತದೆ. ಅದನ್ನು ಪೆಟ್ಟಿನ ಮೇಲೇ ಕೂರಿಸಿ. ಇನ್ನು ಎಳೆತ. 'ಕಲ್ಲಿನ ಕೋಟೆ' ಅನ್ನುವಲ್ಲಿ ಉದ್ದದ ಸ್ವರ 'ಕ' ಮೇಲೆ ಬಿದ್ದರೆ 'ಕಾಲಿನ ಕೋಟೆ' ಆಗುತ್ತದೆ. 'ಕಲ್' ಅಂತ ಚಿಕ್ಕದಾಗಿ ಮುಚ್ಚಿ, ಎಳೆಯುವುದಿದ್ದರೆ 'ಕೋ' ಎಳೆಯಿರಿ, ಅದು ಹೇಗೂ ದೀರ್ಘ. ರೆಕಾರ್ಡ್ ಆದಮೇಲೆ ಸಾಹಿತ್ಯದ ಹಾಳೆ ಕೊಡದೆ ಮನೆಯವರಿಗೆ ಒಮ್ಮೆ ಕೇಳಿಸಿ. 'ಯಾರ ಕಾಲು?' ಅಂದರೆ ಆ ಸಾಲು ಮತ್ತೆ ಹಾಡಬೇಕು.